ಹೆಬ್ಬೆರಳಿನ ಹಾಜರಿ

ನನ್ನ ಬಲಗೈ ಹೆಬ್ಬೆರಳಿಗೆ ಆಫೀಸಿನಲ್ಲಿ ಭಾರಿ ಮರ್ಯಾದೆ ಇದೆ. ನನಗೆ ಅಷ್ಟಿಲ್ಲ. ಬೆಳಿಗ್ಗೆ ಹತ್ತಕ್ಕೆ ಗೋಡೆಯ ಮೇಲಿನ ಹಾಜರಿ ಯಂತ್ರದ ಹಸಿರು ಗಾಜಿಗೆ ಅದನ್ನು ತಾಗಿಸಿದರೆ ಸಾಕು, ಒಳಗಿನಿಂದ ಒಬ್ಬ ಹೆಣ್ಣುಮಗಳು ತಡಮಾಡದೆ ‘ಥ್ಯಾಂಕ್ಯೂ’ ಅನ್ನುತ್ತಾಳೆ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಥ್ಯಾಂಕ್ಯೂ ಅಂದವಳು ಅವಳೊಬ್ಬಳೇ. ಅದೂ ನಾನು ಕೆಲಸ ಶುರು ಮಾಡುವ ಮೊದಲೇ.

ನಮ್ಮಜ್ಜ ಮಾದನಹಿಪ್ಪರಗಾದವನು. ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗಲೆಲ್ಲ ತಲೆ ತಗ್ಗಿಸುತ್ತಿದ್ದನಂತೆ. ಆ ಅವಮಾನ ತಾಳದೆ ನಲವತ್ತು ದಾಟಿದ ಮೇಲೆ ಸಹಿ ಮಾಡುವುದನ್ನು ಕಲಿತ. ಕಲಿತ ಮೇಲೆ ಸಿಕ್ಕಸಿಕ್ಕಲ್ಲಿ ಸಹಿ ಹಾಕಿದ. ಜೋಳದ ಚೀಲದ ಮೇಲೂ ಅವನ ಸಹಿ ಇರುತ್ತಿತ್ತು. ಮಗನನ್ನು ಓದಿಸಿದ, ಮಗ ನನ್ನನ್ನು ಎಂ.ಎ. ಮಾಡಿಸಿದ. ಹೀಗೆ ಮೂರು ತಲೆಮಾರು ಅಕ್ಷರಕ್ಕಾಗಿ ಹೆಣಗಿದ ಫಲವಾಗಿ ನಾನು ಆಳಂದದ ಒಂದು ಸರಕಾರಿ ಕಚೇರಿಯಲ್ಲಿ ದಿನಾ ಎರಡು ಸಲ ಹೆಬ್ಬೆಟ್ಟು ಒತ್ತುತ್ತಿದ್ದೇನೆ. ಜೇವರ್ಗಿಯ ಗೆಳೆಯನೊಬ್ಬನ ಕಚೇರಿಯಲ್ಲಿ ಮುಖ ನೋಡುವ ಯಂತ್ರವಂತೆ. ಅದಕ್ಕೆ ಕಣ್ಣು ಮಿಟುಕಿಸಿದರಷ್ಟೇ ಹಾಜರಿ. ಐವತ್ತೆಂಟರ ವಯಸ್ಸಿನಲ್ಲಿ ಗೋಡೆಗೆ ಕಣ್ಣು ಹೊಡೆಯುವ ಅವನಿಗಿಂತ ನಾನೇ ವಾಸಿ ಅಂದುಕೊಂಡು ಸಮಾಧಾನಪಟ್ಟಿದ್ದೇನೆ.

ಯಂತ್ರ ಬಂದ ದಿನ ಅದನ್ನು ತೂಗುಹಾಕಲು ಗೋಡೆಯಲ್ಲಿ ಇದ್ದದ್ದು ಒಂದೇ ಗಟ್ಟಿ ಮೊಳೆ. ಅದರಲ್ಲಿ ಕಾಯಕದ ಹಿರಿಮೆ ಸಾರುವ ಫಲಕವಿತ್ತು. ಶರಣರ ನಾಡಿನವರಾದ ನಾವು ಭಕ್ತಿಯಿಂದಲೇ ಫಲಕವನ್ನು ಇಳಿಸಿ, ಧೂಳು ಒರೆಸಿ, ಬೀರುವಿನ ಹಿಂದೆ ಇಟ್ಟೆವು. ಯಂತ್ರದ ಉಸ್ತುವಾರಿ ನನಗೆ ಬಂತು. ಯಾಕೆಂದರೆ ಸಾಹೇಬರ ಆದೇಶಕ್ಕೆ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಹೆಬ್ಬೆರಳೆತ್ತಿದ ಚಿತ್ರ ಹಾಕಿದವನು ನಾನೇ. ಜೊತೆಗೆ ಬಂದ ದಪ್ಪ ಕೈಪಿಡಿಯನ್ನು ಓದದೆ ಜೋಪಾನವಾಗಿ ಇಟ್ಟುಕೊಂಡೆ.

ನಮ್ಮಲ್ಲಿ ಕಸ ಗುಡಿಸಿ, ಚಹಾ ಮಾಡಿ, ಕಡತ ಹೊತ್ತು ತಿರುಗುವವಳು ಜಗದೇವಿ ಅಕ್ಕ. ಒಂಬತ್ತಕ್ಕೇ ಬಂದು ಬೀಗ ತೆಗೆಯುವವಳೂ ಅವಳೇ. ಗುತ್ತಿಗೆಯ ನೌಕರಿ, ಮೂರು ದಿನ ಹೇಳದೆ ಕೇಳದೆ ತಪ್ಪಿಸಿದರೆ ಕೆಲಸ ಹೋದಂತೆ. ಯಂತ್ರಕ್ಕೆ ಅವಳ ಬೆರಳು ತೋರಿಸಿದ್ದು ಅವಳು ಜ್ವರದಿಂದ ಎದ್ದು ಬಂದ ವಾರ. ಹದಿನೈದು ದಿನ ರೊಟ್ಟಿ ಬಡಿಯದೆ ಕೈ ಮೆತ್ತಗಾಗಿ ಬೆರಳಿನ ಗೆರೆ ಮೂಡಿದ್ದವು. ಆಮೇಲೆ ಎಳ್ಳ ಅಮಾವಾಸ್ಯೆ ಬಂತು. ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಕಾಳು-ಸೊಪ್ಪು ಬೇಯಿಸಿದ ಭಜ್ಜಿಯ ಜೊತೆ ಸಜ್ಜೆ ರೊಟ್ಟಿ ಉಣ್ಣುವ ಹಬ್ಬ ಅದು. ಉಣ್ಣುವುದು ಒಂದು ದಿನ, ಹೆಂಗಸರು ಬಡಿಯುವುದು ಎಂಟು ದಿನ. ಜಗದೇವಿ ಅಕ್ಕನ ರೊಟ್ಟಿ ಹಪ್ಪಳದಷ್ಟು ತೆಳು. ‘ಅಕ್ಕಾ, ನಮಗೂ ಇರಲಿ’ ಎಂದು ಇಡೀ ಆಫೀಸು ಹೇಳಿತ್ತು. ನಾನು ಎರಡು ಸಲ ಹೇಳಿದ್ದೆ.

ಹಬ್ಬದ ಮರುದಿನ ಅವಳು ಬೀಗ ತೆಗೆದು, ರೊಟ್ಟಿಯ ಗಂಟು ಇಳಿಸಿ, ಬೆರಳಿಟ್ಟಳು. ‘ಪ್ಲೀಸ್ ಟ್ರೈ ಅಗೇನ್.’ ಒರೆಸಿ ಇಟ್ಟಳು, ಊದಿ ಇಟ್ಟಳು, ಕೊನೆಗೆ ಕೈಮುಗಿದು ಇಟ್ಟಳು. ಹತ್ತಕ್ಕೆ ನಾನು ಹೋದಾಗಲೂ ಅಲ್ಲೇ ನಿಂತಿದ್ದಳು.

“ಸರ, ನಾ ಇಲ್ಲೇ ನಿಂತೀನಲ್ರಿ. ನಿಮಗ ಕಾಣ್ತೀನಿಲ್ರಿ?”

“ನನಗ ಕಾಣ್ತಿ ಅಕ್ಕಾ. ಮಷೀನಿಗೇ ಕಾಣವಲ್ಲಿ. ನಾಳಿಗಿ ಸರಿ ಹೋಗ್ತದ ಬಿಡು,” ಎಂದು ನನ್ನ ಹೆಬ್ಬೆರಳಿಟ್ಟೆ. ಥ್ಯಾಂಕ್ಯೂ ಬಂತು.

ನಾಳೆಯೂ ಸರಿಹೋಗಲಿಲ್ಲ, ನಾಡಿದ್ದೂ ಇಲ್ಲ. ಮೂರನೆಯ ಸಂಜೆ ಕಂಪ್ಯೂಟರು ಅವಳ ಹೆಸರನ್ನು ಕೆಂಪಕ್ಷರದಲ್ಲಿ ತೋರಿಸಿತು. ಕಾರಣವಿಲ್ಲದೆ ಗೈರುಹಾಜರಾದ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಳುವ ನೋಟೀಸನ್ನು ನಾನೇ ಟೈಪು ಮಾಡಿದೆ. ಒಂದೇ ಕೈಯಲ್ಲಿ ಮಾಡಿದೆ. ಇನ್ನೊಂದು ಕೈಯಲ್ಲಿ ಅವಳದೇ ರೊಟ್ಟಿ ಇತ್ತು. ನಡುವೆ ಚಹಾ ತಂದಿಟ್ಟವಳೂ ಅವಳೇ. ಸಾಹೇಬರ ಸಹಿಗೆ ಕಾಗದ ಒಯ್ಯಬೇಕಾದವಳೂ ಅವಳೇ.

ಕಾಗದ ಕೈಗೆ ತಗೊಂಡು ಬಾಗಿಲ ತನಕ ಹೋದವಳು ತಿರುಗಿ ನಿಂತಳು. “ಇದರಾಗ ನನ್ನ ಹೆಸರದಲ್ರಿ ಸರ. ಏನ ಬರದೀರಿ?”

ಹೇಳಿದೆ. ಮೂರು ದಿನ ನೀ ಬಂದಿಲ್ಲ ಅಂತ ಬರೆದಿದ್ದೇನೆ ಎಂದೆ. ಅವಳು ಸ್ಟೂಲಿನ ಮೇಲೆ ಕೂತು, ನನ್ನ ಕೈಯನ್ನು ನೋಡಿದಳು.

“ಹಂಗಾರ ಈ ರೊಟ್ಟಿ ಯಾರು ತಂದಾರ್ರಿ?”

ಉಳಿದ ಚೂರನ್ನು ಮೇಜಿನ ಮೇಲಿಟ್ಟೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳ ಬೆರಳಿನ ಗೆರೆಗಳನ್ನು ಅಳಿಸಿದ್ದು ನಾವು ಬೇಡಿದ ರೊಟ್ಟಿಗಳು. ಅವುಗಳನ್ನು ತಿಂದು, ಗೆರೆ ಇಲ್ಲ ಎಂದು ಅವಳಿಗೇ ನೋಟೀಸು ಕೊಡುವ ಬುದ್ಧಿ ಯಂತ್ರಕ್ಕಿಲ್ಲ. ಅಂಥ ಬುದ್ಧಿ ಬರಲು ಎಂ.ಎ. ಆಗಿರಬೇಕು.

ಆಗ ಕೈಪಿಡಿ ತೆರೆದೆ. ಮೊದಲ ಪುಟಗಳಲ್ಲೇ ಇತ್ತು: ಒಂದು ಬೆರಳು ಬಾರದಿದ್ದರೆ ಬೇರೆ ಬೆರಳನ್ನು ಸೇರಿಸಬಹುದು, ಆ ಅಧಿಕಾರ ಉಸ್ತುವಾರಿಯದು. ಅಂದರೆ ನನ್ನದು. ನೋಟೀಸು ಹರಿದೆ. ಒಂದೊಂದೇ ಬೆರಳಿಡಿಸಿದೆ. ಒಂಬತ್ತನ್ನೂ ಯಂತ್ರ ಒಲ್ಲೆ ಅಂದಿತು. ಎಡಗೈಯ ಕಿರುಬೆರಳಿಗೆ ಥ್ಯಾಂಕ್ಯೂ ಅಂದಿತು. ಮೂರು ದಿನದ ಹಾಜರಿಗೆ ಇಡೀ ಆಫೀಸು ಸಾಕ್ಷಿ ಹಾಕಿತು. ಸಾಕ್ಷಿ ಎಲ್ಲರ ಹೊಟ್ಟೆಯಲ್ಲೇ ಇತ್ತಲ್ಲ.

ಜಗದೇವಿ ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. “ರೊಟ್ಟಿ ಬಡಿವಾಗ ಇದೊಂದು ಮ್ಯಾಲ ಎತ್ತಿಕೊಂಡು ಕುಂದರ್ತದ್ರಿ. ಮೈಗಳ್ಳ. ಇದಕ್ಕೇ ಹಾಜರಿ ಕೊಡ್ತದ ನೋಡ್ರಿ ನಿಮ್ಮ ಮಷೀನು!”

ಆ ಮಾತು ಮನೆಗೂ ನನ್ನ ಹಿಂದೆಯೇ ಬಂತು. ಒಂದು ದಿನವೂ ತಪ್ಪದೆ ಥ್ಯಾಂಕ್ಯೂ ಪಡೆದ ನನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದೆ. ಗೆರೆಗಳು ಅಂಗಡಿಯಿಂದ ಈಗ ತಂದಂತೆ ಹೊಸವಾಗಿದ್ದವು. ಭಾನುವಾರ ಹೆಂಡತಿ ಬೇಡವೆಂದರೂ ಹಿಟ್ಟಿನ ಮುಂದೆ ಕೂತು ಒಂದು ರೊಟ್ಟಿ ಬಡಿದೆ. ಅದು ದುಂಡಗಾಗಲಿಲ್ಲ. ಹಂಚಿನ ಮೇಲೆ ತಿರುವಿ ಹಾಕುವಾಗ ಹೆಬ್ಬೆರಳು ಚುರ್ರೆಂದು ಸುಟ್ಟು ಬೊಬ್ಬೆ ಎದ್ದಿತು.

ಸೋಮವಾರ ಯಂತ್ರ ಜೀವಮಾನದಲ್ಲಿ ಮೊದಲ ಸಲ ನನಗೆ ‘ಪ್ಲೀಸ್ ಟ್ರೈ ಅಗೇನ್’ ಅಂದಿತು. ಎರಡು ಸಲ ಇಟ್ಟೆ, ಊದಿ ಇಟ್ಟೆ. ಹಿಂದೆ ಕಸಬರಿಗೆ ಹಿಡಿದು ನಿಂತಿದ್ದ ಜಗದೇವಿ ಅಕ್ಕ ಧೈರ್ಯ ಹೇಳಿದಳು.

“ಹೆದರಬ್ಯಾಡ್ರಿ ಸರ. ಕೆಲಸ ಮಾಡಲಾರದ ಬೆರಳು ಹುಡಕ್ರಿ. ನಿಮಗ ಇನ್ನಾ ಒಂಬತ್ತು ಅವ.”