ಭಾಂಡೆ ಸ್ಟ್ಯಾಂಡಿನ ಗಿರಣಿ

ನಮ್ಮ ಮನೆಯಲ್ಲಿ ಹಿಟ್ಟಿನ ಗಿರಣಿ ಇಲ್ಲ. ಇಷ್ಟು ಸಾದಾ ಮಾತು ಬಾಯಿಂದ ಹೊರಡಲು ನನಗೆ ಒಂದು ಬೇಸಿಗೆ, ಅರ್ಧ ಮಳೆಗಾಲ ಹಿಡಿಯಿತು. ಹುಬ್ಬಳ್ಳಿ ಬೆಂಗೇರಿಯ ನಮ್ಮ ಓಣಿಯಲ್ಲಿ ಈಗಲೂ ಒಂದಿಬ್ಬರು ಇದೆ ಎಂದೇ ನಂಬಿದ್ದಾರೆ. ತಪ್ಪು ಅವರದಲ್ಲ. ಹಾಗೆ ನಂಬಿಸಿದವನು ನಾನೇ.

ಮೊದಲಿನಿಂದ ಹೇಳುತ್ತೇನೆ, ನಗಬೇಡಿ. ನಗಲೇಬೇಕು ಅನಿಸಿದರೆ ಸ್ವಲ್ಪ ಆ ಕಡೆ ತಿರುಗಿ ನಗಿರಿ. ನಾನೊಬ್ಬ ಡಿಪ್ಲೊಮಾ ಕಾಲೇಜಿನ ಮಾಸ್ತರ. ಕಂಪ್ಯೂಟರ್ ನೆಟ್‌ವರ್ಕ್ ಕಲಿಸುವುದು ನನ್ನ ಹೊಟ್ಟೆಪಾಡು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ಹೇಗೆ ಹೋಗುತ್ತದೆ, ನಡುವೆ ಸ್ವಿಚ್ ಎಂಬ ಪೆಟ್ಟಿಗೆ ಕೂತು ಯಾರದ್ದನ್ನು ಯಾರಿಗೆ ಮುಟ್ಟಿಸುತ್ತದೆ ಎಂದು ಹಲಗೆಯ ಮೇಲೆ ಬರೆದು ಬರೆದೇ ನನ್ನ ತಲೆ ಬೆಳ್ಳಗಾಗಿದೆ. ಸ್ವಿಚ್ ಅಂದರೆ ನನ್ನ ಮಟ್ಟಿಗೆ ಒಂದು ಆಯತ, ಅದರೊಳಗೆ ನಾಲ್ಕು ಬಾಣ. ಆ ಆಯತವನ್ನು ನಾನು ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ. ಹುಡುಗರು ಪಾಸಾಗುತ್ತಿದ್ದರು, ಯಾಕೆಂದರೆ ಪರೀಕ್ಷೆಯಲ್ಲೂ ಆಯತವನ್ನೇ ಕೇಳುತ್ತಿದ್ದರು.

ಹೀಗೆ ಎಲ್ಲರೂ ಸುಖವಾಗಿದ್ದಾಗ ಹೊಸ ಪ್ರಾಚಾರ್ಯರು ಬಂದರು. ಈ ವಿಷಯ ಕಲಿಸುವವರು ಹೊರಗಿನ ಸರ್ಟಿಫಿಕೇಟ್ ಪರೀಕ್ಷೆ ಪಾಸು ಮಾಡಿಕೊಳ್ಳಬೇಕು, ಇಲ್ಲವಾದರೆ ಮುಂದಿನ ವರ್ಷದಿಂದ ವಿಷಯ ಬೇರೆಯವರಿಗೆ ಎಂದರು. ಹೋದೆ. ಪರೀಕ್ಷಾ ಕೇಂದ್ರದಲ್ಲಿ ನನ್ನ ಕಿಸೆ ತಪಾಸಣೆ ಮಾಡಿ ಕುರ್ಚಿ ತೋರಿಸಿದವನು ನನ್ನ ಹಳೆಯ ವಿದ್ಯಾರ್ಥಿ. "ಸರ, ನೀವು?" ಎಂದ. ಈ ಪರೀಕ್ಷೆಯಲ್ಲಿ ಫಲಿತಾಂಶಕ್ಕೆ ಕಾಯುವ ಮರ್ಯಾದೆಯೂ ಇಲ್ಲ, ಮುಗಿದ ಕೂಡಲೇ ಪರದೆಯ ಮೇಲೆ ಬರುತ್ತದೆ. ನಪಾಸು. ಅದರ ಪ್ರಿಂಟ್ ತೆಗೆದು ಕೈಗೆ ಕೊಟ್ಟವನೂ ಅವನೇ, ಮುಖ ನೋಡದೆ ಕೊಟ್ಟ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು.

ನನ್ನನ್ನು ಕೆಡವಿದ್ದು ಒಂದೇ ತರಹದ ಪ್ರಶ್ನೆಗಳು. ಒಂದೇ ಸ್ವಿಚ್ಚಿನಲ್ಲಿ ಎರಡು ಗುಂಪುಗಳ ಮಾಹಿತಿ ಒಂದರೊಳಗೊಂದು ಕೂಡದ ಹಾಗೆ ಬೇರೆ ಬೇರೆ ಇಡುವುದು ಹೇಗೆ? ಪುಸ್ತಕ ಓದಿದರೆ ತಿಳಿಯುತ್ತದೆ, ಆದರೆ ಬೆರಳಿಗೆ ಬರುವುದಿಲ್ಲ. ಕಂಪ್ಯೂಟರಿನಲ್ಲೇ ನಕಲಿ ಸ್ವಿಚ್ ಕಟ್ಟುವ ತಂತ್ರಾಂಶವೇನೋ ಪುಕ್ಕಟೆ ಸಿಗುತ್ತದೆ. ಅದನ್ನು ಹಚ್ಚಿದ ಕೂಡಲೇ ನಮ್ಮ ಮುದಿ ಲ್ಯಾಪ್‌ಟಾಪ್ ಉಸಿರು ಬಿಗಿಹಿಡಿದು ಕೂತುಬಿಡುತ್ತಿತ್ತು. ಖರೇ ಸಾಮಾನನ್ನೇ ತಂದು ಮನೆಯಲ್ಲಿ ಜೋಡಿಸುವುದೆಂದು ನಿಶ್ಚಯಿಸಿ ಹಳೇ ಹುಬ್ಬಳ್ಳಿಯ ಗುಜರಿ ಅಂಗಡಿಗೆ ಹೋದೆ. ಯಾವುದೋ ಕಚೇರಿ ಎಸೆದ ಎರಡು ಸ್ವಿಚ್, ಒಂದು ರೌಟರ್ ಅಲ್ಲಿ ಧೂಳು ಹೊದ್ದು ಮಲಗಿದ್ದವು. ಅಂಗಡಿಯ ಮೌಲಾಸಾಬ ಅವನ್ನು ತಕ್ಕಡಿಗೆ ಹಾಕಿ, "ಇವು ಏನಂತ ನನಗ ಗೊತ್ತಿಲ್ರಿ ಸರ. ತೂಕ ಅಷ್ಟ ಗೊತ್ತು" ಎಂದ. ನನ್ನ ಕಥೆಯೂ ಹೆಚ್ಚುಕಡಿಮೆ ಅಷ್ಟೇ ಎಂದುಕೊಂಡು ರೊಕ್ಕ ಎಣಿಸಿದೆ.

ಇಂಥ ಯಂತ್ರಗಳನ್ನು ಇಡಲು ಕಬ್ಬಿಣದ ಚೌಕಟ್ಟು ಬೇಕು, ಅದರ ಬೆಲೆ ಕೇಳಿದರೆ ಸ್ವಿಚ್ಚೇ ಸೋವಿ. ಅಡುಗೆಮನೆಯಲ್ಲಿ ಪಾತ್ರೆ ಇಡುವ ಭಾಂಡೆ ಸ್ಟ್ಯಾಂಡ್ ಅಳತೆಗೆ ಸರಿ ಹೊಂದಿತು. "ಓದ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಪರಾತ ಎಲ್ಲಿ ಇಡ್ಲಿ?" ಎಂದು ಹೆಂಡತಿ ಗಿರಿಜಾ ಕೇಳಿದಳು. ಹಿಟ್ಟು ನಾದುವ ಆ ಪರಾತ ಇವತ್ತಿಗೂ ಮಂಚದ ಕೆಳಗಿದೆ. ಹಿತ್ತಲ ಕೋಣೆಯಲ್ಲಿ ಲೋಟ ಇಡುವ ಜಾಗದಲ್ಲಿ ರೌಟರ್, ತಾಟು ನಿಲ್ಲಿಸುವ ಸಂದಿನಲ್ಲಿ ಸ್ವಿಚ್ಚುಗಳು, ನಡುವೆ ನಾನೇ ಕತ್ತರಿಸಿ ಕಟ್ಟಿದ ಕೇಬಲ್ಲು. ಪ್ರಯೋಗಾಲಯ ಸಿದ್ಧವಾಯಿತು. ಗುಂಡಿ ಒತ್ತಿದೆ. ಗುರ್ ಎಂದು ಶುರುವಾದದ್ದು ನಿಲ್ಲಲೇ ಇಲ್ಲ! ಮನುಷ್ಯರು ಕೂರದ ಕೋಣೆಗಾಗಿ ಮಾಡಿದ ಯಂತ್ರಗಳು ಅವು, ಅವುಗಳ ಫ್ಯಾನಿಗೆ ದಯೆ ದಾಕ್ಷಿಣ್ಯವಿಲ್ಲ.

ವಾರ ಕಳೆದಿರಲಿಕ್ಕಿಲ್ಲ, ಪಕ್ಕದ ಮನೆಯ ನೀಲಮ್ಮ ಕಾಕು ಜೋಳದ ಡಬ್ಬಿಯೊಂದಿಗೆ ಬಂದರು. "ಅಲ್ಲೋ ಶಿವಾನಂದ, ಮನಿಗಿರಣಿ ತಂದು ಓಣ್ಯಾಗ ಯಾರಿಗೂ ಹೇಳೇ ಇಲ್ಲಲ್ಲೋ! ನಾ ಏನ್ ಗ್ವಾಡಿಗೆ ಕಿವಿ ಹಚ್ಚಾಕಿ ಅಲ್ಲಪಾ, ತಾನ ಕೇಳಸ್ತೈತಿ." ಅವರ ಹಿಂದೆ ಮೊಮ್ಮಗಳು ಸ್ನೇಹಾ ನಿಂತಿದ್ದಳು. ಸ್ನೇಹಾ ನನ್ನದೇ ತರಗತಿಯವಳು. ಅದು ಗಿರಣಿಯಲ್ಲ ಅಂದರೆ ಏನು ಎಂದು ಹೇಳಬೇಕು. ಏನು ಅಂದರೆ ಯಾಕೆ ಎಂದೂ ಹೇಳಬೇಕು. ನಪಾಸಾದ ಸುದ್ದಿ ಮರುದಿನ ಮೊದಲ ಬೆಂಚಿನಿಂದ ಕೊನೆಯ ಬೆಂಚಿಗೆ ಯಾವ ಕೇಬಲ್ಲೂ ಇಲ್ಲದೆ ಹೋಗುತ್ತದೆ. "ಹೂಂ ರೀ ಕಾಕು, ಸಣ್ಣದೊಂದು" ಎಂದುಬಿಟ್ಟೆ.

ಅಂದಿನಿಂದ ನನ್ನ ದಿನಚರಿ ನೋಡಬೇಕಿತ್ತು. ಕಾಕುವಿನ ಡಬ್ಬಿಯನ್ನು ದೊಡ್ಡ ಬಟ್ಟೆಚೀಲದಲ್ಲಿ ಅಡಗಿಸಿ ಸ್ಕೂಟರಿಗೆ ಹಾಕಿ, ಸಂತೆ ಕಡೆಯ ಗಿರಣಿಗೆ ಒಯ್ದು, ಬೀಸಿಸಿ, ಹಾಗೆಯೇ ಅಡಗಿಸಿ ತರುವುದು. ತಂದ ಮೇಲೆ ಸ್ವಿಚ್ ಹಚ್ಚುವುದು, ಸಪ್ಪಳವೇ ಇಲ್ಲದೆ ಹಿಟ್ಟು ಎಲ್ಲಿಂದ ಬಂತು ಎಂದಾರು! ಆ ನೆಪದಲ್ಲಿ ಅಭ್ಯಾಸ ಬೇಷಾಗಿ ನಡೆಯಿತು. ಬೀಸಿದ ರೊಕ್ಕ ಬೇಡ ಅಂದಿದ್ದಕ್ಕೆ ಕಾಕು ಶೇಂಗಾ ಚಟ್ನಿ ಕಳಿಸತೊಡಗಿದರು. ಆ ಚಟ್ನಿ ನನ್ನ ಗಂಟಲಲ್ಲಿ ಸಿಕ್ಕುತ್ತಿತ್ತು ಎಂದು ಬರೆದರೆ ಚಂದ. ಆದರೆ ಖರೇ ಹೇಳುತ್ತೇನೆ, ಛಲೋ ಇಳಿಯುತ್ತಿತ್ತು. ಅದನ್ನು ನೆನೆದರೇ ಈಗ ಹೆಚ್ಚು ನಾಚಿಕೆಯಾಗುತ್ತದೆ.

ಗಿರಣಿಗೊಂದು ಶಾಸ್ತ್ರವಿದೆ, ಗಂಡಸರಿಗೆ ಗೊತ್ತಿರುವುದಿಲ್ಲ. ಗೋದಿ ಡಬ್ಬಿ ಹಿಡಿದು ಬಂದವರು ಜೋಳದವರ ಬೆನ್ನಿಗೆ ಕಾಳು ಹಾಕಿಸುವುದಿಲ್ಲ, ಇನ್ನೊಬ್ಬರು ಗೋದಿಯವರು ಬರಲೆಂದು ಬಾಗಿಲ ಬಳಿ ಮಾತಾಡುತ್ತ ನಿಲ್ಲುತ್ತಾರೆ. ಮೊದಲು ಹಾಕಿಸಿದವರ ಹಿಟ್ಟು ಕಲ್ಲಿನ ಸಂದಿಯಲ್ಲಿ ಒಂದಿಷ್ಟು ಉಳಿದು ಅವರ ಹಿಂದೆ ಹಾಕಿಸಿದವರದರಲ್ಲಿ ಕೂಡಿಯೇ ಕೂಡುತ್ತದೆ. ನಾನೋ, ಯಾರಾದರೂ ಗುರುತಿನವರು ನೋಡಿಯಾರೆಂದು ಡಬ್ಬಿ ಇಟ್ಟು ಹೊರಗೆ ಮರೆಯಲ್ಲಿ ನಿಂತು, ಎರಡು ಗುಂಪು ಒಂದರೊಳಗೊಂದು ಕೂಡದ ಹಾಗೆ ಇಡುವುದು ಹೇಗೆ ಎಂದು ಬಾಯಿಪಾಠ ಮಾಡುತ್ತಿದ್ದೆ.

ಶ್ರಾವಣ ಬಂತು. ಒಂದು ಭಾನುವಾರ ಬೆಳಿಗ್ಗೆ ನನ್ನ ಸ್ವಿಚ್ ಕೊನೆಗೂ ಮಾತು ಕೇಳಿತು. ಒಂದೇ ಪೆಟ್ಟಿಗೆಗೆ ನಮ್ಮ ಲ್ಯಾಪ್‌ಟಾಪು, ಎರವಲು ತಂದ ಇನ್ನೊಂದು ಎರಡನ್ನೂ ಜೋಡಿಸಿದ್ದೆ, ಒಂದರ ಸುದ್ದಿ ಇನ್ನೊಂದಕ್ಕೆ ಇಲ್ಲ. ನಾನು ಒಬ್ಬನೇ ಕೈ ತಟ್ಟಿಕೊಳ್ಳುತ್ತಿದ್ದಾಗ ಕಾಕು, ಸ್ನೇಹಾ ಬಂದರು. ಈ ಸಲ ಡಬ್ಬಿಯಲ್ಲಿ ಗೋದಿ.

"ತೊಳದು ಒಣಗಿಸೀನಿ ನೋಡು. ನಾಳಿ ಸೋಮವಾರ, ಮಾದಲಿ ಮಾಡಿ ಮಠಕ್ಕ ಕಳಸಬೇಕು. ಹೊರಗ ಹಾಕಿಸಿದ್ರ ಯಾರ್ಯಾರದೋ ಹಿಟ್ಟು ಕೂಡತೈತಿ. ನಿಮ್ಮನ್ಯಾಗಾದ್ರ ನನಗ ಚಿಂತಿಲ್ಲ."

ಡಬ್ಬಿ ಹಿಡಿದುಕೊಂಡೆ. ಜೋಳದ ಮಟ್ಟಿಗೆ ಹೇಗೋ ನುಂಗಿಕೊಂಡಿದ್ದ ಸುಳ್ಳು ಇಲ್ಲಿ ಮುಂದಕ್ಕೆ ಹೋಗಲಿಲ್ಲ.

"ಕಾಕು, ನಮ್ಮನ್ಯಾಗ ಗಿರಣಿ ಇಲ್ಲರಿ."

"ಚ್ಯಾಷ್ಟಿ ಮಾಡಬ್ಯಾಡೋ, ಗುರ್ ಅನ್ನಾಕತ್ತೈತಲ್ಲ ಅಲ್ಲೆ!"

ಹಿತ್ತಲ ಕೋಣೆಗೆ ಕರೆದೊಯ್ದು ತೋರಿಸಿದೆ. ಭಾಂಡೆ ಸ್ಟ್ಯಾಂಡಿನಲ್ಲಿ ಹಸಿರು ದೀಪಗಳು ಮಿಣಮಿಣ ಅನ್ನುತ್ತಿದ್ದವು. ನಾನು ಪರೀಕ್ಷೆಯಲ್ಲಿ ನಪಾಸಾಗಿದ್ದು, ಮತ್ತೆ ಕೂರಲಿರುವುದು, ನಾಚಿಕೆಯಿಂದ ಸುಳ್ಳಾಡಿದ್ದು ಎಲ್ಲ ಒದರಿದೆ. ಸ್ನೇಹಾ ಬಗ್ಗಿ ನೋಡಿ, "ಸರ, ಸ್ವಿಚ್ ಅಂದ್ರ ಇದಾ? ಮತ್ತ ಬಾಣ ಎಲ್ಲ್ಯದಾವ್ರಿ?" ಎಂದಳು. ವರ್ಷವಿಡೀ ನಾನು ಅವಳಿಗೆ ಕಲಿಸಿದ್ದು ಆ ಬಾಣಗಳನ್ನೇ. ತಲೆ ಎತ್ತಲಾಗಲಿಲ್ಲ.

ಕಾಕು ದೀಪ ನೋಡಲಿಲ್ಲ. "ನಪಾಸಾದ್ರ ಮತ್ತ ಕಟ್ಟತಾರಪಾ, ಅದಕ್ಕೇನ್ ನಾಚಿಕಿ? ನಮ್ಮನಿಯವರು ಮೆಟ್ರಿಕ್ ಎಷ್ಟ ಸಲ ಕಟ್ಟಿದ್ರೋ ದೇವರಿಗೇ ಗೊತ್ತು. ಅದಿರಲಿ, ಇಷ್ಟ ದಿನ ನನ್ನ ಜ್ವಾಳ ಎಲ್ಲೆ ಬೀಸಿಸಿದಿ?"

"ಗಿರಣ್ಯಾಗರಿ."

"ಯಾರ ಹಿಂದ ಹಾಕಿಸಿದಿ?"

"ನೋಡಿಲ್ರಿ."

"ಒಪ್ಪತ್ತಿನ ದಿನ ಅದ ರೊಟ್ಟಿ ತಿಂದೇನಲ್ಲೋ. ನಿಮ್ಮನಿ ಹಿಟ್ಟು ಅಂತ ಭರೋಸಾಲೆ ತಿಂದೆ."

ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡರು, ಸ್ನೇಹಾಳ ಕೈಗೂ ಕೊಡದೆ ತಾವೇ ಹೊತ್ತುಕೊಂಡು ಹೋದರು.

ನಪಾಸಾದದ್ದಕ್ಕೆ ಅಷ್ಟೊಂದು ನಾಚಿ ಮುದುಡಿದವನಿಗೆ, ಇನ್ನೊಬ್ಬರ ವ್ರತದ ರೊಟ್ಟಿಯಲ್ಲಿ ಸುಳ್ಳು ಬೆರೆಸುವಾಗ ಏನೂ ಅನಿಸಿರಲಿಲ್ಲ. ನಾಚಿಕೆಪಡುವುದರಲ್ಲೂ ನಾನು ನಪಾಸೇ. ಮರುದಿನ ಒಂದು ಸ್ವಿಚ್ಚನ್ನು ತರಗತಿಗೆ ಹೊತ್ತೊಯ್ದು ಮೇಜಿನ ಮೇಲಿಟ್ಟು, ನನ್ನ ಫಲಿತಾಂಶವನ್ನೂ ನಾನೇ ಹೇಳಿದೆ. ಹುಡುಗರು ನಗಲಿಲ್ಲ. ಸ್ವಿಚ್ಚನ್ನು ಕೈಯಿಂದ ಕೈಗೆ ದಾಟಿಸುವುದರಲ್ಲಿ ನನ್ನ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ. ಮನೆಗೆ ಬಂದರೆ ಮಾತ್ರ ಪಕ್ಕದ ಅಂಗಳ ಸುಮ್ಮನಿರುತ್ತಿತ್ತು. ಚಟ್ನಿಯೂ ಇಲ್ಲ, ಡಬ್ಬಿಯೂ ಇಲ್ಲ. ಗಿರಿಜಾ ಒಮ್ಮೆ, "ಹೋಗಿ ಕಾಲ ಬೀಳ್ರಿ" ಎಂದಳು. ಹೋಗಿದ್ದೆ. "ಏಳೋ, ಆತು" ಎಂದಿದ್ದರು, ಅಷ್ಟೇ.

ಮೊನ್ನೆ ಮುಂಜಾನೆ ನಾನು ಅಂಗಳದಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಕಂಪೌಂಡಿನ ಮೇಲೆ ಠಣ್ ಎಂದು ಡಬ್ಬಿ ಬಂದು ಕೂತಿತು.

"ಪರೀಕ್ಷಾ ಯಾವಾಗ?"

"ಮುಂದಿನ ವಾರ ರೀ ಕಾಕು."

"ಹಂಗಾರ ಲಗೂನ ಏಳೂದು ರೂಢಿ ಆಗಲಿ. ಗಿರಣಿ ತಗಿಯೂದ್ರೊಳಗ ಅಲ್ಲಿರಬೇಕು. ಕಲ್ಲು ಝಾಡಿಸಿ ಮದಲ ನಮ್ಮದ ಹಾಕಸು, ಮುಂದ ನಿಂತು. ಪುಸ್ತಕ ಬೇಕಾದ್ರ ಒಯ್ಯಿ, ಕಣ್ಣು ಮಾತ್ರ ಕಲ್ಲಿನ ಮ್ಯಾಲ ಇರಲಿ."

ಕಣ್ಣು ತುಂಬಿ ಬಂದವು. ಚೀಲ ಹುಡುಕಲಿಲ್ಲ, ಡಬ್ಬಿಯನ್ನು ಹಾಗೆಯೇ ಸ್ಕೂಟರಿನ ಮುಂದೆ ಕಾಲ ಬಳಿ ಇಟ್ಟುಕೊಂಡು ಹೊರಟೆ. ಓಣಿಯ ಮೂಲೆಯಲ್ಲಿ ಕಿರಾಣಿ ಅಂಗಡಿಯ ಬಸಣ್ಣ ಆಗಷ್ಟೇ ಬಾಗಿಲು ತೆಗೆದಿದ್ದ. "ಏನ್ರಿ ಸರ, ಮನ್ಯಾಗ ಗಿರಣಿ ಇಟಗೊಂಡು ಹೊರಗ ಬೀಸಾಕ ಹೊಂಟೀರಿ?" ಎಂದು ಕೂಗಿದ.

ಬ್ರೇಕು ಹಾಕಿದೆ. "ಅದು ಗಿರಣಿ ಅಲ್ಲೋ ಬಸಣ್ಣ. ನಾ ಪರೀಕ್ಷಾದಾಗ ನಪಾಸಾಗೀನಿ. ಅದು ನಾ ಓದೂ ಸಪ್ಪಳ."

"ಹೌದನ್ರಿ!" ಎಂದು ಬಸಣ್ಣ ಅಂಗಡಿ ಮುಂದೆ ನೀರು ಚಿಮುಕಿಸತೊಡಗಿದ. ಇನ್ನಷ್ಟು ವಿವರಿಸಲು ನನಗೂ ಪುರುಸೊತ್ತಿರಲಿಲ್ಲ. ನನಗಿಂತ ಮೊದಲು ಇನ್ಯಾರಾದರೂ ಕಾಳು ಹಾಕಿಸಿಬಿಟ್ಟರೆ ಕಾಕುಗೆ ಮುಖ ತೋರಿಸುವ ಹಾಗಿಲ್ಲ.