ಸಮ್ಮೇಳನಗಳಲ್ಲಿ ತಿಪ್ಪೇಸ್ವಾಮಿ

ವೈದ್ಯಕೀಯ ಸಮ್ಮೇಳನಕ್ಕೆ ಹೋಗಿ ಬಂದಾಗಲೆಲ್ಲ ತಿಪ್ಪೇಸ್ವಾಮಿ, ಅಲ್ಲಿ ಕೊರಳಿಗೆ ಹಾಕಿದ್ದ ಹೆಸರಿನ ಬಿಲ್ಲೆಯನ್ನು ಊರು ಮುಟ್ಟಿದ ಮೇಲೂ ತೆಗೆಯುತ್ತಿರಲಿಲ್ಲ. ಹಿರಿಯೂರಿನ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ ಬಿಲ್ಲೆ ತಟ್ಟೆಗೆ ಬಡಿಯುತ್ತಿತ್ತು. "ತೆಗಿಯಲೇ ಅದನ್ನ" ಅಂತ ನಾನು ಅಂದರೆ, "ಇರ್ಲಿ ಬಿಡಲೇ, ನಮ್ಮ ಕಡೆ ನನ್ನ ಹೆಸರು ಯಾರಿಗೆ ಗೊತ್ತೈತೆ?" ಅನ್ನುತ್ತಿದ್ದ. ಗೊತ್ತಿಲ್ಲದವರು ಯಾರೂ ಇರಲಿಲ್ಲ. ನನ್ನ ಸಂಕಟವೇ ಅದು.

ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಓದಿ ಡಾಕ್ಟರಾದವರು. ಚಿತ್ರದುರ್ಗದ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ನಮ್ಮದು ಅಕ್ಕಪಕ್ಕದ ಮೇಜು. ಕುರಿಗಳಿಂದ ಮನುಷ್ಯರಿಗೆ ಅಂಟುವ ಬ್ರುಸೆಲ್ಲಾ ಜ್ವರ ನಮ್ಮ ವಿಷಯ. ಈಯುವ ಕುರಿಯಿಂದ ಬರಿಗೈಯಲ್ಲಿ ಮರಿ ಎಳೆಯುವ ಕುರಿಗಾರರಿಗೆ ಈ ಜ್ವರ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಕಾಡುತ್ತದೆ, ಕೀಲು ಹಿಡಿಯುತ್ತದೆ. ಹಟ್ಟಿಗಳಿಗೆ ಹೋಗಿ ರಕ್ತ ತರುತ್ತಿದ್ದವರು ಇಬ್ಬರೂ. ಕೂತು ಲೆಕ್ಕ ಹಾಕಿ ಪ್ರಬಂಧ ಬರೆಯುತ್ತಿದ್ದವನು ನಾನು. ಅವನು ಮತ್ತೋಡಿನ ಕಡೆಯ ಕುರುಬರ ಮನೆಯವನು, ನಾನು ಹೊಳಲ್ಕೆರೆಯ ಮೇಷ್ಟರ ಮಗ. ವ್ಯಾಕರಣ ತಪ್ಪದ ಇಂಗ್ಲಿಷು ನನ್ನದು. ಕೇಳುವ ಜನವೆಲ್ಲ ಅವನದು.

ಒಮ್ಮೆ ದೆಹಲಿಯಲ್ಲಿ ನಡೆದ ಜಾಗತಿಕ ಆರೋಗ್ಯ ಸಮ್ಮೇಳನಕ್ಕೆ ಇಬ್ಬರಿಗೂ ಕರೆ ಬಂತು. ನನಗೆ ಸಭಾಂಗಣದೊಳಗೆ ಭಾಷಣ, ಅವನಿಗೆ ಹೊರಗಿನ ಪಡಸಾಲೆಯಲ್ಲಿ ಪೋಸ್ಟರ್ ಅಂಟಿಸಿ, ನೋಡಲು ನಿಂತವರಿಗೆ ವಿವರಿಸುವ ಕೆಲಸ. ರೈಲು ದೆಹಲಿ ಮುಟ್ಟುವವರೆಗೂ ನನಗೆ ಒಳಗೊಳಗೇ ಖುಷಿ. ನನ್ನ ಸರದಿ ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಮುಂದಿನ ಸಾಲಿನಲ್ಲಿ ಉಳಿದವನೆಂದರೆ ಮೈಕು ನೋಡಿಕೊಳ್ಳುವವನು, ಅವನೂ ಫೋನು ನೋಡುತ್ತಿದ್ದ.

ಮುಗಿಸಿ ಹೊರಗೆ ಬಂದರೆ ತಿಪ್ಪೇಸ್ವಾಮಿಯ ಸುತ್ತ ಜನವೋ ಜನ. ಊರಿಂದ ತಂದಿದ್ದ ಕರಿ ಕಂಬಳಿಯನ್ನು ಪೋಸ್ಟರಿನ ಮುಂದೆ ಹಾಸಿದ್ದ. ಅವನ ಮನೆಯಲ್ಲಿ ಬಂದವರನ್ನು ಕಂಬಳಿ ಮೇಲೆ ಕೂರಿಸುತ್ತಾರೆ. ಅವರು ನೀರು ಕುಡಿದು, ತಮ್ಮ ಮನೆಯ ಸುದ್ದಿ ಹೇಳಿ ಮುಗಿಸುವವರೆಗೆ ಮನೆಯವರು ತಮ್ಮ ವಿಷಯ ಎತ್ತುವುದಿಲ್ಲ. ಅವನು ಅಲ್ಲೂ ಅದನ್ನೇ ಮಾಡಿದ್ದ. "ಕುಂತ್ಕಳ್ರಿ, ಕುಂತ್ಕಳ್ರಿ" ಅಂತ ಕನ್ನಡದಲ್ಲೇ ಕರೆಯುತ್ತಿದ್ದ. ದೊಡ್ಡ ದೊಡ್ಡ ಪ್ರೊಫೆಸರುಗಳು ಶೂ ಬಿಚ್ಚಿ, ಚಕ್ಕಳಮಕ್ಕಳ ಹಾಕಿ ಕೂತು, ತಮ್ಮ ನಾಯಿಯ ಕಥೆ, ಮೊಣಕಾಲಿನ ನೋವು ಹೇಳಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಗಂಟೆ ಬಾರಿಸಿ ಪೋಸ್ಟರಿನ ಸಮಯ ಮುಗಿಯಿತು. ಬ್ರುಸೆಲ್ಲಾ ಬಗ್ಗೆ ಅವನು ಒಂದಕ್ಷರ ಹೇಳಿರಲಿಲ್ಲ.

"ಅಲ್ಲಲೇ, ಜ್ವರದ ವಿಷಯ?" ಅಂದೆ.

"ಹೆಂಗೆ ಹೇಳಾದು? ಆಯಮ್ಮ ಇನ್ನಾ ಮಗಳ ಮದುವಿ ಸುದ್ದೀನೇ ಮುಗಿಸಿರಲಿಲ್ಲ."

ಕಂಬಳಿ ಮೇಲೆ ಕೂತಿದ್ದ ಆ ಪ್ರೊಫೆಸರಮ್ಮನೇ ಮುಂದಿನ ಸಲ ಅವನನ್ನು ಬ್ಯಾಂಕಾಕಿನ ಸಮ್ಮೇಳನಕ್ಕೆ ಕರೆಸಿದರು. ಅಲ್ಲಿಂದ ನೈರೋಬಿ, ಜಿನೀವಾ. ನನ್ನ ಪ್ರಬಂಧಗಳಿಗೆ ಮಾತ್ರ, ಸ್ವೀಕರಿಸಲಾಗದ್ದಕ್ಕೆ ವಿಷಾದವಿದೆ ಎಂಬ ಉತ್ತರ ಬರುತ್ತಿತ್ತು. ಅವನು ಫೋನಿಗೆ ಫೋಟೊ ಕಳಿಸಿದಾಗ ನಾನೂ ಒಂದು ಹೂಗುಚ್ಛದ ಚಿತ್ರ ಒತ್ತಿ ಕಳಿಸುತ್ತಿದ್ದೆ. ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು. ಅವನು ತಂದ ಚಾಕೊಲೇಟನ್ನು ಹಲ್ಲುನೋವು ಅಂತ ಸುಳ್ಳು ಹೇಳಿ ಮುಟ್ಟುತ್ತಿರಲಿಲ್ಲ. "ಮುಂದಿನ ಸಲ ಇಬ್ರೂ ಹೋಗಾಣ ಕಣಲೇ. ನೀನು ಮಾತಾಡು, ನಾನು ಜನ ಕೂಡಿಸ್ತೀನಿ" ಅಂದ ಒಂದು ದಿನ. ಅವನು ಪ್ರೀತಿಯಿಂದಲೇ ಅಂದದ್ದು. ನನಗೆ ಅದು ಇನ್ನಷ್ಟು ಉರಿಸಿತು.

ಹೋದ ವರ್ಷ ಲಿಸ್ಬನ್ನಿನಲ್ಲಿ ಮಾತಾಡಲು ಅವನಿಗೆ ಕರೆ ಬಂದಿತ್ತು. ಹೊರಡುವ ಮೊದಲೇ, ಹಿರೇಗುಂಟನೂರಿನಲ್ಲಿ ಕುರಿಗಾರರ ಜೊತೆ ಮಾತಾಡುತ್ತಾ ಕೂತಿದ್ದವನು ಎದೆ ಹಿಡಿದುಕೊಂಡ. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು. ಅವನ ಬದಲಿಗೆ ಸಂಸ್ಥೆ ನನ್ನನ್ನು ಕಳಿಸಿತು. ಅಷ್ಟು ವರ್ಷ ಬಯಸಿದ ವೇದಿಕೆ ನನಗೆ ಹೀಗೆ ಸಿಕ್ಕಿತು.

ಅಲ್ಲಿ ಅಧ್ಯಕ್ಷರು ಮೊದಲು ಪರದೆಯ ಮೇಲೆ ಅವನ ಫೋಟೊ ತೋರಿಸಿದರು. ಸಭೆ ಎದ್ದು ನಿಂತಿತು. ಆಮೇಲೆ ಒಬ್ಬೊಬ್ಬರೂ ಅವನು ತಮ್ಮನ್ನು ನಗಿಸಿದ್ದನ್ನು ನೆನೆದು ಎರಡೆರಡು ಮಾತಾಡಿದರು. ಅದೆಲ್ಲ ನನ್ನ ಸಮಯದಲ್ಲೇ ಕಳೆಯಿತು. ನಾನು ಒಮ್ಮೆ ಅವನ ಫೋಟೊ, ಒಮ್ಮೆ ಗಡಿಯಾರ ನೋಡುತ್ತಿದ್ದೆ. ಉಳಿದ ಹೊತ್ತಿನಲ್ಲಿ ಅಂಕಿಗಳನ್ನು ಅವಸರವಸರವಾಗಿ ಓದಿದೆ. ಪ್ರಶ್ನೆಗಳಿವೆಯೇ ಅಂದಾಗ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕೈ ಎತ್ತಿದರು. ನನ್ನನ್ನು ಯಾವ ಸಭೆಯಲ್ಲೂ ಯಾರೂ ಏನನ್ನೂ ಕೇಳಿರಲಿಲ್ಲ. ಕೋಟು ಸರಿಮಾಡಿಕೊಂಡು ನೆಟ್ಟಗೆ ನಿಂತೆ.

"ತಿಪ್ಪೇಸ್ವಾಮಿ ಊರಲ್ಲೂ ಹೀಗೇ ಎಲ್ಲರನ್ನೂ ನಗಿಸುತ್ತಿದ್ದರೇ?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು.

ತಾಳ್ಯದ ದಾರಿಯಲ್ಲಿ ಒಮ್ಮೆ ಕುರಿಮಂದೆ ನಮ್ಮ ಜೀಪಿಗೆ ಅಡ್ಡ ನಿಂತದ್ದು ನೆನಪಾಯಿತು. ನಾನು ಹಾರನ್ ಬಾರಿಸುತ್ತಿದ್ದರೆ ತಿಪ್ಪೇಸ್ವಾಮಿ ಕೆಳಗಿಳಿದು ಕುರಿಗಳಿಗೆ ಕೈಮುಗಿದು, ನನ್ನ ಕಡೆ ತೋರಿಸಿ ಅಂದಿದ್ದ: "ಹಂಗೇ ನಿಂತ್ಕಳ್ರಮ್ಮ, ಎಲ್ಲೂ ಹೋಗಬ್ಯಾಡ್ರಿ. ನಮ್ಮ ಪರಮೇಶಿ ಒಂದು ಪ್ರಬಂಧ ಓದ್ತಾನೆ. ಪಾಪ, ಕೇಳೋರೇ ಸಿಕ್ಕಿಲ್ಲ."

ಅದನ್ನೇ ಹೇಳಿದೆ. ಇಡೀ ಸಭಾಂಗಣ ನಕ್ಕಿತು. ಕೆಲವರು ನಗುತ್ತಲೇ ಕಣ್ಣೊರೆಸಿಕೊಂಡರು. ನನ್ನ ಬಾಯಿಂದ ಬಂದ ಮಾತಿಗೆ ಒಂದು ಸಭೆ ಪೂರ್ತಿ ಕಿವಿಗೊಟ್ಟದ್ದು ಅದೇ ಮೊದಲು. ಆ ಮಾತೂ ಅವನದೇ ಆಗಿತ್ತು.