ಗೋಡೆಯಂಚಿನ ಬ್ಲ್ಯಾಕ್‌ಬೆರಿ

ಮೊದಲು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ. ಶುಕ್ರವಾರ ಸಂಜೆ ಪಕ್ಕದ ಮನೆಯ ಯಜಮಾನರು ಕಾಂಪೌಂಡಿನ ಆಚೆ ಸಣ್ಣ ಸ್ಪ್ರೇ ಕ್ಯಾನ್ ಹಿಡಿದು ನಿಂತಿದ್ದರು. ಕ್ಯಾನಿನ ಮೂತಿ ನಮ್ಮ ಕಡೆಗಿತ್ತು. ಭಾನುವಾರ ಬೆಳಿಗ್ಗೆ ನೋಡಿದರೆ ಗೋಡೆಯುದ್ದಕ್ಕೂ ನನ್ನ ಬ್ಲ್ಯಾಕ್‌ಬೆರಿ ಗಿಡಗಳ ಎಳೆ ಎಲೆಗಳು ಅಂಚಿನಿಂದ ಕಪ್ಪಾಗಿ ಸುರುಟಿದ್ದವು. ನಡುವಿನ ಶನಿವಾರ ನಾನೇ ಔಷಧಿ ಹೊಡೆದಿದ್ದೆ. ಅದು ನನ್ನ ಮನಸ್ಸಿಗೆ ಬರಲೇ ಇಲ್ಲ.

ಭದ್ರಾವತಿಯ ಜನ್ನಾಪುರದ ಈ ಮನೆಯ ಹಿತ್ತಿಲಲ್ಲಿ ಮೊದಲು ರಾಸ್ಪ್‌ಬೆರಿಯನ್ನೂ ನೆಟ್ಟಿದ್ದೆ. ಅದು ಒಂದು ಬೇಸಿಗೆಯನ್ನೂ ತಡೆಯಲಿಲ್ಲ. ಬ್ಲ್ಯಾಕ್‌ಬೆರಿ ಮಾತ್ರ ತಂತಿ ಹಿಡಿದು ಗೋಡೆ ದಾಟಿತು. ಪಕ್ಕದವರ ಹೆಂಡತಿಯ ಸೀರೆ ಅದರ ಮುಳ್ಳಿಗೆ ಸಿಕ್ಕಿ ಹರಿದಿತ್ತು. ಆಗ ಯಜಮಾನರು, "ಸಾರ್, ನಿಮ್ಮ ಗಿಡ ನಮ್ಮನೆಗೆ ಸೊಸೆಯಾಗಿ ಬರೋ ಹಂಗಿದೆ. ಸ್ವಲ್ಪ ತವರಿಗೆ ಕರ್ಕೊಳ್ಳಿ" ಎಂದಿದ್ದರು. ಅವತ್ತು ನಕ್ಕಿದ್ದೆ. ಭಾನುವಾರ ಅದೇ ಮಾತು ಬೆದರಿಕೆಯ ಹಾಗೆ ಕೇಳಿಸಿತು.

ಅವರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನ್ನ ಹೆಂಡತಿ ಬಚ್ಚಲಲ್ಲಿ ಬಿದ್ದ ದಿನ ಆಟೋ ತಂದು, ಆಸ್ಪತ್ರೆಯ ಬೆಂಚಿನ ಮೇಲೆ ಸಂಜೆಯವರೆಗೆ ಕೂತಿದ್ದರು. ಭದ್ರಾವತಿಯಲ್ಲಿ ನಮಗೆ ನೆಂಟರಿಲ್ಲ. ಇದ್ದದ್ದು ಆ ಒಂದು ಮನೆ. ಅದು ಗೊತ್ತಿದ್ದೂ ಗೋಡೆಯ ಹತ್ತಿರ ಹೋದೆ.

"ಶುಕ್ರವಾರ ಇಲ್ಲಿ ಏನು ಹೊಡೀತಿದ್ರಿ?"

"ಬೇವಿನೆಣ್ಣೆ ಸಾರ್. ಮಲ್ಲಿಗೆಗೆ ಹುಳ ಬಿದ್ದಿತ್ತು."

"ಬರೀ ಬೇವಿನೆಣ್ಣೇನಾ? ಕಳೆನಾಶಕ ಏನಾದ್ರೂ ಸೇರಿತ್ತಾ?"

ಅವರು ನನ್ನನ್ನು ನೋಡಿದರು, ಆಮೇಲೆ ಕಪ್ಪಾದ ಎಲೆಗಳನ್ನು ನೋಡಿದರು. ಒಂದು ಮಾತನ್ನೂ ಆಡದೆ ಒಳಗೆ ಹೋದರು. ಉತ್ತರ ಕೊಡದಿರುವುದೇ ಸಾಕ್ಷಿ ಎಂದುಕೊಂಡೆ.

ಸೋಮವಾರ ಎಲೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಗಾಂಧಿ ಬಜಾರಿನ ಹತ್ತಿರದ ಔಷಧಿ ಅಂಗಡಿಯವನು ಎಲೆಯನ್ನು ಮಗುಚಿ ನೋಡಿದ.

"ಹಿಂದ್ಗಡೆ ಕಿತ್ತಳೆ ಬಣ್ಣದ ಪುಡಿ ಇದೆಯಲ್ಲ, ಇದು ತುಕ್ಕು ರೋಗ. ಅಂಚು ಕಪ್ಪಾಗಿರೋದು ಮಾತ್ರ ಔಷಧಿ ಸುಟ್ಟಿದ್ದು. ರೋಗಕ್ಕೇನು ಹೊಡೆದ್ರಿ?"

"ಬೋರ್ಡೋ. ನಾನೇ ಮಾಡಿದ್ದು."

"ಅಡಿಕೆ ಮನೆಯವರಾ?"

"ಹೌದು."

"ಹಂಗಾದ್ರೆ ಕತ್ತಿ ಅದ್ದಿ ನೋಡೇ ಇರ್ತೀರಿ."

ನೋಡಿದ್ದೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಮೇಲೆ ಕತ್ತಿ ಅದ್ದುವುದು ಊರಲ್ಲಿ ಚಿಕ್ಕಂದಿನಿಂದ ಕಂಡ ಕ್ರಮ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ನಾನು ಅದ್ದಿದ್ದು ಅಡುಗೆಮನೆಯ ಚಾಕು. ಕೆಂಪು ಕಾಣಿಸಿರಲಿಲ್ಲ.

"ಸ್ಟೀಲ್ ಚಾಕುವಾ?" ಎಂದ ಅವನು. ನಾನು ತಲೆಯಾಡಿಸಿದೆ. "ಅದ್ರ ಮೇಲೆ ಎಲ್ಲಿಂದ ಕೆಂಪು ಕೂರ್ಬೇಕು ಮಾರಾಯ್ರೇ? ಕಬ್ಬಿಣ ಬೇಕು. ಸುಣ್ಣನೂ ಹಳೇದಾಗಿ ಸತ್ವ ಹೋಗಿರ್ಬೇಕು."

ಸುಣ್ಣ ಕಳೆದ ವರ್ಷದ್ದು. ಆದರೂ ಬಸ್ಸಿನಲ್ಲಿ ಬರುವಾಗ ಅಂಗಡಿಯವನ ಮೇಲೇ ಅನುಮಾನಪಟ್ಟೆ. ಮನೆಗೆ ಬಂದು, ಉಳಿದಿದ್ದ ಅದೇ ಮೈಲುತುತ್ತ, ಅದೇ ಸುಣ್ಣವನ್ನು ಅದೇ ಅಳತೆಯಲ್ಲಿ ಬೆರೆಸಿ ಒಂದು ಕಬ್ಬಿಣದ ಮೊಳೆ ಅದ್ದಿದೆ. ಸ್ವಲ್ಪ ಹೊತ್ತಿಗೆ ಮೊಳೆ ಕೆಂಪಾಯಿತು.

ಅವತ್ತೇ ಅವರ ಬಾಗಿಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಜೀವನಪೂರ್ತಿ ಕಬ್ಬಿಣದ ಜೊತೆಗೇ ಇದ್ದೋನು ಸಾರ್ ನಾನು. ಯಾವ ಚಾಕು ಅದ್ಲಿ ಅಂತ ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳಿದ್ದು ಬೇರೆ."

"ತಪ್ಪಾಯ್ತು" ಎಂದೆ.

"ಇರ್ಲಿ ಬಿಡಿ ಸಾರ್." ಕೂರಲು ಹೇಳಲಿಲ್ಲ.

ಸುಟ್ಟ ಕಡ್ಡಿಗಳನ್ನು ಕತ್ತರಿಸಿದೆ. ಬುಡದಿಂದ ಹೊಸ ಚಿಗುರು ಬಂದು, ಮುಂದಿನ ಬೇಸಿಗೆಯಲ್ಲಿ ಹಣ್ಣಾಯಿತು. ಮೊದಲ ಹಣ್ಣನ್ನು ಬಟ್ಟಲಲ್ಲಿ ಹಾಕಿ ಅವರ ಮನೆಗೆ ಕೊಟ್ಟುಬಂದೆವು. ಎರಡೂ ಮನೆಗಳ ನಡುವೆ ಇಷ್ಟು ವರ್ಷ ಯಾವ ಪಾತ್ರೆಯೂ ಬರಿದಾಗಿ ಹಿಂತಿರುಗಿದ್ದಿಲ್ಲ; ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರುತ್ತಿತ್ತು. ಮಾರನೆಯ ದಿನ ನಮ್ಮ ಬಟ್ಟಲು ಗೋಡೆಯ ಮೇಲಿತ್ತು. ಚೆನ್ನಾಗಿ ತೊಳೆದು ಬೋರಲು ಹಾಕಿದ್ದರು.

"ಮರೆತಿರ್ತಾರೆ ಬಿಡ್ರೀ" ಎಂದಳು ನನ್ನ ಹೆಂಡತಿ.

ಇರಬಹುದು. ಕೇಳುವ ಧೈರ್ಯ ನನಗಿಲ್ಲ.